ಯೂಶುವಲಿ ಎಂದರೆ ಎಷ್ಟು ಸಲ?

ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಪದಗಳಿಂದ ನನಗೆ ಈವರೆಗೆ ಯಾವ ತೊಂದರೆಯೂ ಆಗಿಲ್ಲ. ಅಂಥದೊಂದು ಎದುರಾದರೆ ನಿಘಂಟು ತೆರೆಯುತ್ತೇನೆ, ಇಲ್ಲವೇ ಗೊತ್ತಿರುವವನ ಹಾಗೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತೇನೆ. ನನ್ನನ್ನು ಬೀದಿಗೆ ಎಳೆದಿರುವುದೆಲ್ಲ ಅರ್ಥ ಗೊತ್ತಿದೆ ಎಂದುಕೊಂಡ ಪದಗಳೇ. ಅದರಲ್ಲೂ ‘ಯೂಶುವಲಿ’ ಎಂಬ ಪದ. ಈ ಪದವನ್ನು ನಾನು ಇಂಗ್ಲಿಷ್ ಎಂದು ಭಾವಿಸುವುದನ್ನೇ ಬಿಟ್ಟು ಬಹಳ ಕಾಲವಾಯಿತು. ಆಫೀಸಿನಲ್ಲಿ, ಬಸ್ಸಿನಲ್ಲಿ, ದಂತವೈದ್ಯರ ಮುಂದೆ ಬಾಯಿ ತೆರೆದುಕೊಂಡು ಕೂಡ ಹೇಳಿದ್ದೇನೆ. ಅದರ ಅರ್ಥವೇನು ಎಂದು ಯಾರಾದರೂ ಕೇಳಿದ್ದರೆ, ಇಷ್ಟು ಸುಲಭದ್ದನ್ನೂ ಕೇಳುತ್ತಾರಲ್ಲ ಎಂದು ಒಳಗೊಳಗೇ ನಗುತ್ತಿದ್ದೆ. ಒಂದು ಭಾನುವಾರ ಒಬ್ಬರು ಕೇಳಿದರು. ಮೊದಲು ನಕ್ಕೆ ಕೂಡ. ಆ ನಗು ಎಷ್ಟು ಹೊತ್ತು ಇತ್ತು ಎಂದು ಈಗ ಸರಿಯಾಗಿ ನೆನಪಿಲ್ಲ, ಬಹುಶಃ ಒಂದು ನಿಮಿಷ.

ಕೇಳಿದವರು ನಾಗಮ್ಮ. ನಮ್ಮ ಕಟ್ಟಡ ಇರುವುದು ಪುಣೆಯ ಕಾತ್ರಜದ ಗುಡ್ಡದ ಕೆಳಗೆ, ಕರ್ನಾಟಕದ ಬಸ್ಸುಗಳು ಹಾರ್ನ್ ಹೊಡೆಯುತ್ತ ಊರು ಬಿಡುವ ರಸ್ತೆಯ ಪಕ್ಕದಲ್ಲಿ. ಈ ಕಟ್ಟಡದ ಮೋಟಾರು ನಾಗಮ್ಮನ ಕೈಯಲ್ಲಿದೆ. ಬೆಳಿಗ್ಗೆ ಆರೂವರೆಗೆ ಒಮ್ಮೆ, ಮಧ್ಯಾಹ್ನ ಒಂದು ಗಂಟೆಗೆ ಒಮ್ಮೆ ಅವರು ಗುಂಡಿ ಒತ್ತಿದರೆ ನೆಲದಡಿಯ ಟಾಕಿಯಿಂದ ನೀರು ಮೇಲಿನ ಟಾಕಿಗೆ ಏರುತ್ತದೆ. ಒತ್ತದಿದ್ದರೆ ಇಪ್ಪತ್ತನಾಲ್ಕು ಮನೆಗಳ ನಲ್ಲಿಗಳು ಬುಸ್ ಎನ್ನುತ್ತವೆ. ಯಾದಗಿರಿ ಕಡೆಯ ಈ ಹೆಂಗಸು ಪುಣೆಗೆ ಬಂದದ್ದೇ ಈ ಕಟ್ಟಡ ಕಟ್ಟಲು. ‘ನಿಮ್ಮ ಅಡಿಗಿ ಮನಿ ಗ್ವಾಡಿಗಿ ಇಟ್ಟಂಗಿ ನಾನಾ ಹೊತ್ತೀನ್ರಿ’ ಎಂದು ನಾವು ಮನೆಗೆ ಬಂದ ಮೊದಲ ವಾರವೇ ಹೇಳಿದ್ದರು. ಕಟ್ಟಡ ಮುಗಿದ ಮೇಲೆ ಉಳಿದವರೆಲ್ಲ ಬೇರೆ ಕಟ್ಟಡಕ್ಕೆ ಹೋದರು. ನಾಗಮ್ಮ ಮೋಟಾರಿನ ಪಕ್ಕದ ಒಂದೇ ಕೋಣೆಯಲ್ಲಿ ಉಳಿದುಕೊಂಡರು. ಗಂಡ ಭೀಮಣ್ಣ ಬಾರಾಮತಿಯ ಕಡೆ ಗೋಡೆ ಕಟ್ಟುವ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಈ ಕೋಣೆಗೆ ಬರುತ್ತಾರೆ.

ಆ ಭಾನುವಾರ ನಾನು ಪೇಪರು ಹಿಡಿದು ಕೂತಿದ್ದೆ. ನನ್ನ ಹೆಂಡತಿ ಸುಧಾ, ಹುಬ್ಬಳ್ಳಿಯವಳು, ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ನಾಗಮ್ಮ ಬಾಗಿಲ ಹೊರಗೇ ನಿಂತು, ‘ಅಣ್ಣಾರ, ಒಂದು ಮಾತು ಕೇಳ್ಲೇನ್ರಿ?’ ಎಂದರು.

‘ಕೇಳಿ ನಾಗಮ್ಮ.’

‘ಯೂಶುವಲಿ ಅಂದ್ರ ಏನ್ರಿ?’

ನನಗೆ ಖುಷಿಯಾಯಿತು. ಎಂ.ಎ. ಮಾಡಿ ಇಷ್ಟು ವರ್ಷವಾಗಿದ್ದರೂ ನನ್ನನ್ನು ಯಾರೂ ಏನನ್ನೂ ಕಲಿಸು ಎಂದು ಕೇಳಿರಲಿಲ್ಲ. ಪೇಪರು ಮಡಿಚಿಟ್ಟು, ‘ಸಾಮಾನ್ಯವಾಗಿ ಅಂತ’ ಎಂದೆ.

‘ಅಂದ್ರ?’

‘ಅಂದ್ರೆ... ಹೆಚ್ಚಾಗಿ. ಈಗ ನೋಡಿ, ಉದಾಹರಣೆಗೆ, ನಾನು ಯೂಶುವಲಿ ಬೆಳಿಗ್ಗೆ ಆರಕ್ಕೆ ಏಳ್ತೀನಿ.’

‘ಯಾರ್ರೀ ಅದು ಆರಕ್ಕ ಏಳೋರು?’ ಎಂದು ಒಗ್ಗರಣೆಯ ಸದ್ದನ್ನೂ ಮೀರಿ ಸುಧಾಳ ದನಿ ಬಂತು. ‘ನಮಗೂ ಸ್ವಲ್ಪ ತೋರಸ್ರಿ ಅವರ್ನ.’

ನಾಗಮ್ಮ ನಗಲಿಲ್ಲ. ‘ಹೆಚ್ಚು ಅಂದ್ರ ಎಷ್ಟ್ರಿ? ವಾರದಾಗ ಎಷ್ಟು ದಿನ?’

ಇಂಥ ಪ್ರಶ್ನೆಯನ್ನು ನನ್ನ ಇಂಗ್ಲಿಷ್ ಮೇಷ್ಟರು ಯಾರೂ ಕೇಳಿರಲಿಲ್ಲ, ನಾವೂ ಅವರನ್ನು ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ, ಉದಾರವಾಗಿ, ‘ಏಳರಲ್ಲಿ ಒಂದು ಐದು ದಿನ ಅಂತ ಇಟ್ಕೊಳ್ಳಿ’ ಎಂದೆ.

ನಾಗಮ್ಮನ ಮುಖ ಇಳಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ‘ಹಂಗಾರ ನಾ ವಾರದಾಗ ಐದು ದಿನ ಮೋಟಾರ ತಡ ಮಾಡೀನೇನ್ರಿ?’ ಎಂದರು.

‘ಯಾರು ಹಾಗಂದವರು?’

‘ನೀವಾ ಅಂದೀರಂತ್ರಿ. ವಹಿಯಾಗ ಬರದೀರಂತ. ಜೋಶಿ ಕಾಕಾ ಓದಿ ಹೇಳಿದ್ರು. ಬರೂ ಐತವಾರ ಮೀಟಿಂಗ್ ಅದ. ತಾನಾ ಸುರು ಆಗೂ ಮಶೀನ ಕುಂದ್ರಸ್ತಾರಂತ. ಮಶೀನ ಬಂತಂದ್ರ ನಂದೇನ್ ಕೆಲಸ? ಖೋಲಿ ಖಾಲಿ ಮಾಡು ಅಂತಾರ್ರಿ.’

ಅವಲಕ್ಕಿಯ ಬಾಣಲೆ ಹಿಡಿದುಕೊಂಡೇ ಸುಧಾ ಹೊರಗೆ ಬಂದಳು. ‘ನೀವು ಬರದ್ರಿ?’ ಎಂದಳು. ನಾನು, ‘ಇಲ್ಲವೇ ಇಲ್ಲ, ನಾನೇಕೆ ಬರೆಯಲಿ?’ ಎಂದೆ. ಎಂದ ಕೂಡಲೇ ನನಗೆ ಸಂಶಯ ಶುರುವಾಯಿತು, ಏಕೆಂದರೆ ನಾನು ಇಷ್ಟು ಖಚಿತವಾಗಿ ಹೇಳಿದ್ದೆಲ್ಲ ಆಮೇಲೆ ಸುಳ್ಳಾಗಿದೆ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದು ಬದುಕಿದ ಕತೆಯನ್ನು ನಾನು ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿದ್ದೇನೆ, ನೀರಿನ ತಂಪು, ಕತ್ತು ಎತ್ತಿದರೆ ಕಾಣುವ ದುಂಡನೆಯ ಆಕಾಶ ಎಲ್ಲ ಸೇರಿಸಿ. ನಮ್ಮ ಮದುವೆಯ ಊಟದಲ್ಲಿ ಹೊಸ ನೆಂಟರಿಗೆ ಹೇಳುತ್ತಿದ್ದಾಗ ಅಮ್ಮ ಕೇಳಿಸಿಕೊಂಡು, ‘ಬಿದ್ದದ್ದು ನೀನಲ್ಲ ಕಣೋ, ನಿಮ್ಮಣ್ಣ. ನೀನು ದಡದಲ್ಲಿ ನಿಂತು ಬಿಸ್ಕತ್ತು ತಿಂತಿದ್ದೆ’ ಎಂದಳು. ಅಂದಿನಿಂದ ನಾನು ನನ್ನ ನೆನಪನ್ನು ನಂಬುವುದಿಲ್ಲ. ಡೈರಿ ಬರೆಯಲು ಶುರು ಮಾಡಿದ್ದೂ ಅದಕ್ಕೇ.

ನಾಗಮ್ಮನ ಜೊತೆಗೇ ಕೆಳಗಿಳಿದು ಹೋದೆ. ಮೋಟಾರಿನ ಕೋಣೆಯ ಎದುರಿಗೆ ಒಂದು ಮೇಜು, ಅದರ ಮೇಲೆ ದಾರ ಕಟ್ಟಿದ ಪೆನ್ನಿನ ಸಮೇತ ದೂರುಗಳ ವಹಿ, ಗೋಡೆಗೆ ಒಂದು ಕಪ್ಪು ಹಲಗೆ. ಇವೆರಡೂ ನಮ್ಮ ಸೊಸೈಟಿಯ ಕಾರ್ಯದರ್ಶಿ ಜೋಶಿ ಕಾಕಾ ಅವರ ಸುಪರ್ದಿಯಲ್ಲಿವೆ. ಹಲಗೆಯ ಮೇಲೆ ಬರೆಯುವುದರಲ್ಲಿ ಪುಣೆಯ ಹಳಬರಿಗೆ ಒಂದು ವಿಶೇಷ ಆನಂದವಿದೆ. ಬೈಯುವುದನ್ನು ಪೂರ್ತಿ ಮರ್ಯಾದೆಯ ಮರಾಠಿಯಲ್ಲಿ ಬೈಯುತ್ತಾರೆ. ಆ ದಿನದ ಹಲಗೆಯಲ್ಲಿ, ‘ಲಿಫ್ಟಿನ ಬಾಗಿಲು ಮುಚ್ಚದೆ ಹೋಗುವವರು ತಮ್ಮ ಮನೆಯ ಬಾಗಿಲನ್ನೂ ತೆರೆದಿಟ್ಟು ಉಳಿದವರಿಗೆ ಅನುಕೂಲ ಮಾಡಿಕೊಡಬೇಕು’ ಎಂದಿತ್ತು. ಕಾಕಾ ವಹಿಯನ್ನು ತೆರೆದು ನನ್ನ ಮುಂದಿಟ್ಟರು.

ಮೊದಲ ಪುಟದಲ್ಲಿ ಯಾರೋ ಪೆನ್ನು ಬರೆಯುತ್ತದೆಯೇ ಎಂದು ಸುತ್ತು ಸುತ್ತಾಗಿ ಗೀಚಿದ್ದರು. ಎರಡನೆಯದರಲ್ಲಿ ಒಲೆ ರಿಪೇರಿಯವನ ಫೋನ್ ನಂಬರು. ಮೂರನೆಯದರಲ್ಲಿ ನಾನು. ನನ್ನದೇ ಅಕ್ಷರ, ಎಲ್ಲೂ ಬಾಗದ ನೇರ ಸಾಲು. ‘ಬೆಳಗಿನ ಹೊತ್ತು ಪಂಪು ಯೂಶುವಲಿ ಸರಿಯಾದ ಸಮಯಕ್ಕೆ ಚಾಲೂ ಆಗುವುದಿಲ್ಲ. ದಯವಿಟ್ಟು ಗಮನಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಬ್ಯಾಂಕಿನಲ್ಲಿ ಕೂಡ ಮಾಡದಷ್ಟು ದೊಡ್ಡ ಸಹಿ ಮಾಡಿದ್ದೆ. ಸಹಿಯ ಪಕ್ಕದಲ್ಲಿ ಕಾಗದ ಉಬ್ಬಿ ಶಾಯಿ ಹರಡಿತ್ತು. ಒದ್ದೆ ಬೆರಳಿನ ಗುರುತು. ಆಗ ಮಸುಕಾಗಿ ನೆನಪಾಯಿತು: ತಲೆತುಂಬ ಸೋಪಿನ ನೊರೆ, ನಲ್ಲಿಯ ಬುಸ್ ಶಬ್ದ, ಟವೆಲಿನಲ್ಲಿ ಹಾಗೇ ತಲೆ ಒರೆಸಿಕೊಂಡು ಕೆಳಗೆ ಧಾವಿಸಿದ್ದು. ಎರಡು ತಿಂಗಳ ಹಿಂದಿನ ತಾರೀಖು. ಮತ್ತೇನೂ ನೆನಪಾಗಲಿಲ್ಲ.

‘ಅಹೋ, ಎಷ್ಟು ಚಂದದ ಇಂಗ್ಲಿಷು!’ ಎಂದರು ಜೋಶಿ ಕಾಕಾ ಮರಾಠಿಯಲ್ಲಿ. ‘ನಾನು ಈ ವಹಿ ಇಟ್ಟು ಮೂರು ವರ್ಷವಾಯಿತು. ಒಂದೇ ಒಂದು ಲಿಖಿತ ದೂರು, ಅದು ನಿಮ್ಮದು. ಉಳಿದವರೆಲ್ಲ ಮೆಟ್ಟಿಲ ಮೇಲೆ ನಿಂತು ಕೂಗುತ್ತಾರೆ. ಕೂಗಿದ್ದು ಸಭೆಯ ಮುಂದೆ ಬರುವುದಿಲ್ಲ, ಬರೆದದ್ದು ಬರುತ್ತದೆ.’

‘ಕಾಕಾ, ನಾನು ಹೇಳಿದ್ದು ಹಾಗಲ್ಲ.’

‘ಬರೆದದ್ದು?’

‘ಬರೆದದ್ದು ಹಾಗೇ. ಆದರೆ...’

‘ಬರೆದದ್ದಕ್ಕೆ ಆದರೆ ಇರುವುದಿಲ್ಲ. ನನಗೆ ನಾಗಮ್ಮಬಾಯಿಯ ಮೇಲೆ ಸಿಟ್ಟಿಲ್ಲ ನೋಡಿ, ಒಳ್ಳೆಯ ಹೆಂಗಸು. ಆದರೆ ನೀವು ಬರೆಯುವ ಕೆಲಸದವರು. ಯೂಶುವಲಿ ಎಂದು ಬರೆದಿದ್ದೀರಿ ಎಂದರೆ ಅಳೆದೇ ಬರೆದಿರುತ್ತೀರಿ.’

ನಾಗಮ್ಮ ಅಷ್ಟು ಹೊತ್ತೂ ನನ್ನ ಹಿಂದೆ ನಿಂತಿದ್ದವರು ಮುಂದೆ ಬಂದು, ‘ಅದು ಯಾವದ್ರಿ ಇದರಾಗ?’ ಎಂದರು. ನಾನು ಆ ಪದದ ಮೇಲೆ ಬೆರಳಿಟ್ಟೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು, ಕೆಟ್ಟು ನಿಂತ ಮೋಟಾರನ್ನು ನೋಡುವ ಹಾಗೆ. ‘ಇಷ್ಟುದ್ದ ಅದ’ ಎಂದರು.

ಸಭೆಗೆ ಏಳು ದಿನ ಇತ್ತು. ಅಷ್ಟರಲ್ಲಿ ಆ ಪದಕ್ಕೆ ಯಾವುದಾದರೂ ಮೃದುವಾದ ಅರ್ಥ ಸಿಕ್ಕರೆ ಸಾಕಿತ್ತು. ನಿಘಂಟು ತೆರೆದೆ. ಯೂಶುವಲಿ ಎಂದರೆ ನಾರ್ಮಲಿ ಎಂದಿತ್ತು. ನಾರ್ಮಲಿ ನೋಡಿದರೆ ಜನರಲಿ ನೋಡು ಎಂದಿತ್ತು. ಜನರಲಿ ನೋಡಿದೆ, ಯೂಶುವಲಿ ಎಂದಿತ್ತು. ಮೂರು ಕಚೇರಿಗಳ ನಡುವೆ ಅರ್ಜಿ ಹಿಡಿದು ಅಲೆದವನ ಹಾಗೆ ವಾಪಸು ಬಂದೆ. ಕನ್ನಡಕ್ಕೆ ಬಂದರೆ ಇನ್ನೂ ಗಲಿಬಿಲಿ. ‘ಸಾಮಾನ್ಯವಾಗಿ’ ಎಂದರೆ ಅದರಲ್ಲಿ ಒಂದು ಗಾಂಭೀರ್ಯ ಬಂದುಬಿಡುತ್ತದೆ, ಭೂಗೋಳದ ಪಾಠದ ಹಾಗೆ: ಇಲ್ಲಿ ಸಾಮಾನ್ಯವಾಗಿ ಮೋಟಾರು ತಡವಾಗುತ್ತದೆ, ಇದು ಈ ಪ್ರದೇಶದ ಹವಾಗುಣ. ‘ಬಹುತೇಕ’ ಎಂದರೆ ನಾನು ಲೆಕ್ಕ ಇಟ್ಟುಕೊಂಡೇ ಕೂತಿದ್ದ ಹಾಗಾಗುತ್ತದೆ. ‘ಕೆಲವೊಮ್ಮೆ’ ಎಂದು ಮೆಲ್ಲಗೆ ತಿರುಗಿಸಿಬಿಡೋಣ ಎಂದರೆ ಜೋಶಿ ಕಾಕಾಗೆ ಇಂಗ್ಲಿಷ್ ಬರುತ್ತದೆ.

ನನ್ನ ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ವಿಮಾನ ನಗರದ ಒಂದು ಕಂಪನಿಯಲ್ಲಿ ನಾನು ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಯಂತ್ರದ ಜೊತೆ ಡಬ್ಬಿಯಲ್ಲಿ ಒಂದು ಸಣ್ಣ ಪುಸ್ತಕ ಬರುತ್ತದಲ್ಲ, ಜನ ಡಬ್ಬಿ ಎಸೆಯುವಾಗ ಜೊತೆಗೇ ಎಸೆಯುವಂಥದು, ಅದು ನನ್ನ ಸಾಹಿತ್ಯ. ಬುಧವಾರ ಅಲ್ಲಿ ಕೂತು, ‘ಹಸಿರು ದೀಪ ಯೂಶುವಲಿ ಐದು ಸೆಕೆಂಡಿನಲ್ಲಿ ಹೊತ್ತಿಕೊಳ್ಳುತ್ತದೆ’ ಎಂದು ಬರೆಯುತ್ತಿದ್ದವನು ಥಟ್ಟನೆ ನಿಂತೆ. ಇದನ್ನು ಎಷ್ಟು ವರ್ಷದಿಂದ ಬರೆಯುತ್ತಿದ್ದೇನೆ? ನಮ್ಮ ತಂಡದ ಮುಖ್ಯಸ್ಥೆ ರಮ್ಯಾ, ಬೆಂಗಳೂರಿನ ಹುಡುಗಿ, ಪಕ್ಕದಲ್ಲೇ ಇದ್ದಳು. ‘ರಮ್ಯಾ, ಯೂಶುವಲಿ ಅಂದ್ರೆ ಎಷ್ಟು ಸಲ?’ ಎಂದು ಕೇಳಿದೆ.

‘ಸರ್, ಆರ್ ಯು ಓಕೆ?’

‘ಸೀರಿಯಸ್ಸಾಗಿ ಕೇಳ್ತಿದೀನಮ್ಮ.’

‘ಅಯ್ಯೋ ಸರ್, ಎಷ್ಟು ಅಂತ ಹೇಳಬಾರದು ಅಂತಾನೇ ಅಲ್ವಾ ಆ ವರ್ಡ್ ಇರೋದು? ಆಲ್ವೇಸ್ ಅಂತ ಹಾಕಿ, ಒಂದ್ಸಲ ದೀಪ ಹತ್ತಲಿಲ್ಲ ಅಂದ್ರೆ ಕಸ್ಟಮರ್ ನಮ್ಮ ಮೇಲೆ ಬರ್ತಾನೆ. ಯೂಶುವಲಿ ಹಾಕಿದ್ರೆ ಫುಲ್ ಸೇಫ್.’

ಹುಡುಗಿ ಇಷ್ಟು ಹೇಳಿ ಕಾಫಿಗೆ ಎದ್ದು ಹೋದಳು. ನಾನು ಕೂತೇ ಇದ್ದೆ. ಹಾಗಾದರೆ ಈ ಪದ ಒಂದು ಕೊಡೆ. ಹೇಳುವವನು ನೆನೆಯದಿರಲಿ ಎಂದು ಹಿಡಿಯುವುದು. ಅದರ ಅಂಚಿನಿಂದ ಸುರಿಯುವ ನೀರು ಪಕ್ಕದವರ ತಲೆಯ ಮೇಲೆ. ನಮ್ಮ ಡಾಕ್ಟರು ಒಮ್ಮೆ ನನ್ನ ಭುಜದ ಮೇಲಿನ ಗಂಟನ್ನು ಅಮುಕಿ ನೋಡಿ, ‘ಯೂಶುವಲಿ ಇದು ಏನೂ ಆಗಿರಲ್ಲ’ ಎಂದಿದ್ದರು. ಒಂದು ವಾರ ನನಗೆ ಊಟ ಸೇರಲಿಲ್ಲ. ಸುಧಾಳೇ ಮೇಲು, ಈ ಪದವನ್ನು ಬಳಸುವುದೇ ಇಲ್ಲ. ‘ನೀವು ಯಾವಾಗ್ಲೂ ಹಸಿ ಟವೆಲ್ ಹಾಸಿಗಿ ಮ್ಯಾಲ ಒಗೀತೀರಿ’ ಎನ್ನುತ್ತಾಳೆ. ಯಾವಾಗಲೂ ಎನ್ನುವುದು ಅತಿಶಯೋಕ್ತಿ ಎಂದು ನಾನು ಮದುವೆಯಾದಾಗಿನಿಂದ ವಾದಿಸುತ್ತ ಬಂದಿದ್ದೇನೆ. ಆದರೆ ಅವಳ ‘ಯಾವಾಗಲೂ’ವನ್ನು ಹಾಸಿಗೆಯ ಹತ್ತಿರ ಹೋಗಿ ಯಾರು ಬೇಕಾದರೂ ಪರೀಕ್ಷಿಸಬಹುದು. ನನ್ನ ‘ಯೂಶುವಲಿ’ಯನ್ನು ಎಲ್ಲಿ ಹೋಗಿ ಪರೀಕ್ಷಿಸುವುದು?

ಡೈರಿಯಲ್ಲಿ. ಇದು ಹೊಳೆಯಲು ಶುಕ್ರವಾರದವರೆಗೆ ಬೇಕಾಯಿತು. ಅಂದು ಸಂಜೆ ಈ ವರ್ಷದ ಡೈರಿ ತೆಗೆದು, ದೂರು ಬರೆದ ತಾರೀಖಿನಿಂದ ಹಿಂದಕ್ಕೆ ಜನವರಿಯ ತನಕ ಪುಟ ಪುಟ ನೋಡಿದೆ. ಕನಿಷ್ಠ ಮೂವತ್ತು ಸಲವಾದರೂ ‘ನೀರಿಲ್ಲ’ ಎಂಬ ಪದ ಸಿಗಬೇಕಿತ್ತು. ಅಷ್ಟು ಬೆಳಗುಗಳ ಸಿಟ್ಟು ನನ್ನ ಎದೆಯಲ್ಲಿತ್ತು. ನಾಲ್ಕು ಸಿಕ್ಕವು. ಮೊದಲನೆಯದು, ‘ನೀರಿಲ್ಲ. ಗುರುವಾರ, ಊರಿಗೇ ಬಂದ್ ಅಂತೆ.’ ಎರಡನೆಯದು, ‘ನೀರಿಲ್ಲ, ಕರೆಂಟೂ ಇಲ್ಲ, ಮೇಣದಬತ್ತಿಯೂ ಇಲ್ಲ.’ ಮೂರನೆಯದು, ‘ನೀರಿಲ್ಲ ಎಂದು ಕೂಗಾಡಿದೆ. ಸುಧಾ ನಲ್ಲಿ ರಿಪೇರಿಗೆಂದು ನಮ್ಮ ಮನೆಯ ವಾಲ್ವ್ ಮುಚ್ಚಿದ್ದಳು. ನಿನ್ನೆಯೇ ಹೇಳಿದ್ದಳಂತೆ.’ ನಾಲ್ಕನೆಯದು ದೂರು ಬರೆದ ದಿನದ್ದು. ಅದನ್ನು ಇಲ್ಲಿ ಪೂರ್ತಿ ಕೊಡುತ್ತೇನೆ, ಬೇಡವೆನಿಸಿದರೂ.

‘ಅಪರೂಪಕ್ಕೆ ಬೇಗ ಎದ್ದು ವಾಕಿಂಗಿಗೆ ಹೋಗಿ ಬರುವಾಗ ಗೇಟಿನಲ್ಲಿ ನಾಗಮ್ಮ ಜೋಳ ಹಸನು ಮಾಡುತ್ತಿದ್ದರು. ಮಾತಾಡಿಸಿದೆ. ಎಂಥ ಕನ್ನಡ! ಹತ್ತಿರ ಎನ್ನುವುದಕ್ಕೆ ಸನೇಕ ಅನ್ನುತ್ತಾರೆ. ವಾಪಸು ಬರುವುದಕ್ಕೆ ಹೊಳ್ಳಿ ಬರೋದು. ಒಂದೊಂದೇ ಪದ ಕೇಳಿ ಕೇಳಿ ಬರೆದುಕೊಂಡೆ. ಪಾಪ, ಹೊತ್ತಾಯಿತು ಹೊತ್ತಾಯಿತು ಎಂದು ಎರಡು ಮೂರು ಸಲ ಏಳಲು ಹೋದರು, ನಾನೇ ಇನ್ನೊಂದು ಇನ್ನೊಂದು ಎಂದು ಕೂರಿಸಿದೆ. ಏಳು ಗಂಟೆಯಾದದ್ದೇ ತಿಳಿಯಲಿಲ್ಲ. ಆಮೇಲೆ ಸ್ನಾನಕ್ಕೆ ಹೋದರೆ ಅರ್ಧದಲ್ಲಿ ನೀರಿಲ್ಲ. ಈ ಸೊಸೈಟಿಯಲ್ಲಿ ಯಾರಿಗೂ ಜವಾಬ್ದಾರಿ ಇಲ್ಲ.’

ಮೂರು ಸಲ ಓದಿದೆ. ಮೇಲಿನ ವಾಕ್ಯಕ್ಕೂ ಕೆಳಗಿನ ವಾಕ್ಯಕ್ಕೂ ಏನೋ ಸಂಬಂಧವಿರಬಹುದೆಂದು ಬರೆಯುವಾಗ ನನಗೆ ಅನ್ನಿಸಿಯೇ ಇರಲಿಲ್ಲ. ಎರಡೂ ಬೇರೆ ಬೇರೆ ಊರುಗಳಲ್ಲಿ ನಡೆದಂತೆ ಬರೆದಿದ್ದೆ. ನೆನಪನ್ನು ನಂಬದೆ ಡೈರಿ ಬರೆದವನು ಡೈರಿಯನ್ನು ಓದಿಯೇ ಇರಲಿಲ್ಲ. ಸುಧಾಳಿಗೆ ತೋರಿಸಿದೆ. ಅವಳು ಓದಿ, ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಆಮೇಲೆ ನಗು ನಿಲ್ಲಿಸಿ, ‘ಮೊದಲ ಹೋಗಿ ಆಕಿಗೆ ಹೇಳಿ ಬರ್ರಿ’ ಎಂದಳು.

ಶನಿವಾರ ಬೆಳಿಗ್ಗೆ ಹೋದೆ. ನಾಗಮ್ಮ ಆಗಲೇ ಮೋಟಾರು ಹಚ್ಚಿ, ಕೋಣೆಯಲ್ಲಿದ್ದ ಪಾತ್ರೆಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದರು. ನಾನು ಡೈರಿ ತೆರೆದು ಓದಿ ಹೇಳಿದೆ. ಕೇಳಿದರು. ಕೇಳಿ, ‘ಗೊತ್ತದ್ರಿ’ ಎಂದರು.

‘ಗೊತ್ತಿತ್ತಾ? ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?’

‘ನೀವು ಓದಿದೋರು. ಒಂದಾ ಸಲ ತಡ ಆತು, ಅದೂ ನೀವಾ ಮಾತಾಡಿಸಿದ್ರಿ, ನಿಮಗ ನೆನಪಿರ್ತದ ಅನ್ಕೊಂಡೆ. ಒಂದು ಸಲಕ್ಕ ಇಂಗ್ಲಿಷನ್ಯಾಗ ಯೂಶುವಲಿ ಅಂತಾರೇನೋ ಅಂತ ಕೇಳ್ಲಾಕ ಬಂದಿದ್ದೆ. ನೀವು ಐದು ದಿನ ಅಂದ್ರಿ.’

ನಾನು ಆ ಚೀಲವನ್ನೇ ನೋಡುತ್ತ ನಿಂತೆ. ರೊಟ್ಟಿ ಬಡಿಯುವ ಕಲ್ಲು ಅದರಲ್ಲಿ ಹಿಡಿಸದೆ ಹೊರಗೆ ಉಳಿದಿತ್ತು.

ಭಾನುವಾರ ಹನ್ನೊಂದಕ್ಕೆ ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸಭೆ ಸೇರಿತು. ಪುಣೆಯಲ್ಲಿ ಮಧ್ಯಾಹ್ನ ಒಂದು ಗಂಟೆಯ ನಂತರ ಯಾವ ನಿರ್ಧಾರವೂ ಆಗುವುದಿಲ್ಲ; ಊಟ, ನಿದ್ದೆ, ಅದು ಇಲ್ಲಿಯ ಹಕ್ಕು. ಹೀಗಾಗಿ ನನ್ನ ಸರದಿ ಬೇಗ ಬಂತು. ಜೋಶಿ ಕಾಕಾ ನನ್ನ ವಾಕ್ಯವನ್ನು ದೊಡ್ಡ ದನಿಯಲ್ಲಿ ಓದಿದರು. ನಾನು ಎದ್ದು ನಿಂತು ನನ್ನ ಮರಾಠಿಯಲ್ಲಿ ಶುರು ಮಾಡಿದೆ. ನನ್ನ ಮರಾಠಿ ತರಕಾರಿ ಅಂಗಡಿಯ ಮಟ್ಟದ್ದು. ಅದರಲ್ಲಿ ಪಶ್ಚಾತ್ತಾಪ ವ್ಯಕ್ತಪಡಿಸಲು ಆಗುವುದಿಲ್ಲ, ಹೆಚ್ಚೆಂದರೆ ಕೊತ್ತಂಬರಿ ಕೇಳಬಹುದು. ‘ಯೂಶುವಲಿ ಎಂದರೆ ಯಾವಾಗಲೂ ಎಂದಲ್ಲ’ ಎಂದೆ. ‘ಅದು ನಮಗೆ ಗೊತ್ತು’ ಎಂದರು ಯಾರೋ. ‘ಅರ್ಧಕ್ಕಿಂತ ಜಾಸ್ತಿ ಸಲ ಎಂದು’ ಎಂದರು ಇನ್ನೊಬ್ಬರು. ‘ಮುಕ್ಕಾಲಾದರೂ ಇರಬೇಕು’ ಎಂದಿತು ಹಿಂದಿನ ಸಾಲು. ಆ ಚರ್ಚೆಗೆ ಎಲ್ಲರೂ ಸೇರಿಕೊಂಡರು. ಮೊದಲ ಮಹಡಿಯ ಲಿಮಯೆ ಆಜಿ ಕೋಲು ಕುಟ್ಟಿ, ‘ನಮ್ಮವರು ಯೂಶುವಲಿ ಸಿಟ್ಟು ಮಾಡೋದಿಲ್ಲ ಎಂದು ನಾನು ನಲವತ್ತು ವರ್ಷ ಎಲ್ಲರಿಗೂ ಹೇಳಿದೆ. ಅದರ ಅರ್ಥ ಇಡೀ ಓಣಿಗೆ ಗೊತ್ತಿತ್ತು’ ಎಂದರು. ಗಂಟೆ ಹನ್ನೆರಡೂವರೆಯಾಯಿತು. ನಾಗಮ್ಮ ಕಂಬಕ್ಕೊರಗಿ ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು.

ಕೊನೆಗೆ ನಾನು ಡೈರಿ ತೆರೆದೆ. ಒಂದೊಂದೇ ವಾಕ್ಯವನ್ನು ಮರಾಠಿಗೆ ಎಳೆದು ತಂದೆ. ಸನೇಕ, ಹೊಳ್ಳಿ ಎಂಬಲ್ಲಿ ಯಾರಿಗೂ ಅರ್ಥವಾಗಲಿಲ್ಲ; ‘ನಾನೇ ಕೂರಿಸಿದೆ’ ಎಂಬಲ್ಲಿ ಎಲ್ಲರಿಗೂ ಅರ್ಥವಾಯಿತು. ಜೋಶಿ ಕಾಕಾ ಕನ್ನಡಕ ತೆಗೆದರು.

‘ಅಂದರೆ, ನಾಗಮ್ಮಬಾಯಿಯನ್ನು ಮೋಟಾರಿನ ಹೊತ್ತಿಗೆ ನಿಲ್ಲಿಸಿಕೊಂಡವರು ನೀವು?’

‘ಹೌದು.’

‘ಮೋಟಾರು ತಡವಾಯಿತೆಂದು ಬರೆದವರೂ ನೀವು?’

‘ಹೌದು.’

‘ಎಷ್ಟು ಸಲ?’

‘ಒಂದು.’

ಹಲಗೆಯ ಕಡೆ ಕಾಕಾ ಒಮ್ಮೆ ನೋಡಿದ್ದನ್ನು ನಾನು ಗಮನಿಸಿದೆ. ನಾಳೆ ಅಲ್ಲಿ ಏನಿರುತ್ತದೆ ಎಂದು ಊಹಿಸಿಕೊಂಡೆ. ಆದರೂ ಮಶೀನಿನ ಮಾತು ಉಳಿದಿತ್ತಲ್ಲ. ಕಾಕಾ ಅದರ ಕೈಪಿಡಿಯನ್ನು ನನಗೆ ಕೊಟ್ಟು, ‘ಇದು ನಿಮ್ಮ ಕಸುಬು. ಓದಿ ಹೇಳಿ, ಇದು ಬಂದರೆ ಯಾರೂ ನೋಡಿಕೊಳ್ಳುವುದು ಬೇಕಿಲ್ಲವೇ?’ ಎಂದರು. ಅದು ನಾನು ಬರೆದ ಕೈಪಿಡಿಯಲ್ಲ, ದೇವರ ದಯೆ. ಆದರೆ ನಮ್ಮ ಜಾತಿಯವನೇ ಯಾರೋ ಬರೆದದ್ದು. ನಾಲ್ಕನೆಯ ಪುಟದಲ್ಲಿ ನಿಂತೆ. ಗಂಟಲು ಸರಿ ಮಾಡಿಕೊಂಡು ಓದಿದೆ: ‘ಈ ಉಪಕರಣಕ್ಕೆ ಯೂಶುವಲಿ ಯಾರ ಮೇಲ್ವಿಚಾರಣೆಯೂ ಬೇಕಾಗುವುದಿಲ್ಲ.’

ಪಾರ್ಕಿಂಗಿನಲ್ಲಿ ಮೊದಲು ಲಿಮಯೆ ಆಜಿ ನಕ್ಕರು. ಆಮೇಲೆ ಎಲ್ಲರೂ.

‘ಅರೇ, ಇದರಲ್ಲೂ ಅದೇ ಇದೆಯಲ್ಲ!’ ಎಂದು ಕಾಕಾ ಕೈಪಿಡಿಯನ್ನು ಕಿತ್ತುಕೊಂಡು ತಾವೇ ಓದಿ ನೋಡಿದರು. ‘ಒಂದು ಯೂಶುವಲಿಗೇ ಎರಡು ಗಂಟೆ ಹೋಯಿತು. ಈ ಮಶೀನಿನ ಯೂಶುವಲಿ ತಪ್ಪಿದ ದಿನ ಗುಂಡಿ ಒತ್ತುವವರು ಯಾರು? ನೀವೋ?’ ಎಂದು ನನ್ನನ್ನು ನೋಡಿದರು. ನಾನು ಕೂತುಕೊಂಡೆ. ಒಂದು ಗಂಟೆಗೆ ಐದು ನಿಮಿಷ ಇರುವಾಗ ಮಶೀನಿನ ವಿಚಾರ ಬಿಡುವುದು, ಮೋಟಾರೂ ಕೋಣೆಯೂ ನಾಗಮ್ಮನ ಬಳಿಯೇ ಇರುವುದು ಎಂದು ತೀರ್ಮಾನವಾಯಿತು. ಅಷ್ಟು ಬೇಗ ತೀರ್ಮಾನವಾಗಲು ನ್ಯಾಯ ಎಷ್ಟು ಕಾರಣ, ಹಸಿವು ಎಷ್ಟು ಕಾರಣ ಎಂದು ನಾನು ಕೆದಕಿ ನೋಡಲಿಲ್ಲ.

‘ಆದರೆ ಬರೆದದ್ದು ಬರೆದದ್ದೇ’ ಎಂದರು ಜೋಶಿ ಕಾಕಾ. ‘ಕೆಳಗೆ ತಿದ್ದುಪಡಿ ಬರೆದು ಸಹಿ ಮಾಡಿ. ಈ ಸಲ ಕೈ ಒರೆಸಿಕೊಂಡು ಬನ್ನಿ.’

ಮೇಜಿನ ಮುಂದೆ ಕೂತೆ. ಒಂದು ಬದಿಗೆ ಸುಧಾ, ಇನ್ನೊಂದು ಬದಿಗೆ ನಾಗಮ್ಮ. ದಾರ ಕಟ್ಟಿದ ಪೆನ್ನು ಎಳೆದು, ಇಂಗ್ಲಿಷಿನಲ್ಲಿ, ನಿಧಾನವಾಗಿ ಬರೆದೆ: ಮೇಲಿನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಹಾಗಾದದ್ದು ಒಮ್ಮೆ ಮಾತ್ರ, ಅದಕ್ಕೆ ಕಾರಣನೂ ನಾನೇ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಓದಿದವರು ನನ್ನನ್ನು ಏನೆಂದುಕೊಂಡಾರು ಎಂಬ ಚಿಂತೆ ಬಂದು ಇನ್ನೊಂದು ವಾಕ್ಯ ಸೇರಿಸಿ, ದೊಡ್ಡ ಸಹಿ ಮಾಡಿದೆ.

ನಾಗಮ್ಮ ಬಗ್ಗಿದರು. ಒಂದು ವಾರ ದಿನಾ ಆ ಮೇಜು ಒರೆಸುವಾಗ ಆ ಪುಟವನ್ನು ನೋಡಿದ್ದಾರಂತೆ. ಅವರ ಬೆರಳು ನನ್ನ ಹೊಸ ಸಾಲುಗಳ ಮೇಲೆ ಮೆಲ್ಲಗೆ ಓಡುತ್ತ ಬಂದು, ಕೊನೆಯ ವಾಕ್ಯದ ನಡುವೆ ನಿಂತಿತು.

‘ಅಣ್ಣಾರ, ಇಲ್ಲೂ ಅದಾ ಅದಲ್ರಿ?’

ಸುಧಾ ಬಗ್ಗಿ ಓದಿದಳು. ‘ಇಂಥ ವಿಷಯಗಳಲ್ಲಿ ನಾನು ಯೂಶುವಲಿ ಎಚ್ಚರಿಕೆಯಿಂದ ಇರುತ್ತೇನೆ’ ಎಂದು ಕನ್ನಡದಲ್ಲಿ ಜೋರಾಗಿ ಹೇಳಿ, ನನ್ನ ಮುಖ ನೋಡಿದಳು.

‘ಇದು ನಿಮ್ಮ ಬಗ್ಗೆ ಅಲ್ಲ ನಾಗಮ್ಮ, ನನ್ನ ಬಗ್ಗೆ’ ಎಂದೆ.

‘ಎಷ್ಟು ಸಲದ್ದ್ರಿ ಇದು?’

‘ನೋಡಿ, ಇಲ್ಲಿ ಅದರ ಅರ್ಥ ಸ್ವಲ್ಪ ಬೇರೆ. ಒಂದು ನಿಮಿಷ ಕೂತ್ಕೊಳ್ಳಿ, ಹೇಳ್ತೀನಿ...’

ನಾಗಮ್ಮ ಗೋಡೆಯ ಗಡಿಯಾರ ನೋಡಿ ಸೆರಗು ಸಿಕ್ಕಿಸಿಕೊಂಡರು. ‘ಆಮ್ಯಾಲ ಹೇಳ್ರಿ ಅಣ್ಣಾರ, ಮೋಟಾರ ಹಚ್ಚೂ ಹೊತ್ತಾತು. ನಿಮ್ಮ ಜೋಡಿ ಮಾತಿಗಿ ನಿಂತ್ರ ಯೂಶುವಲಿ ತಡಾ ಆಗ್ತದ್ರಿ’ ಎಂದು ಹೇಳಿ ಹೊರಟುಹೋದರು.

ಮೋಟಾರು ಗುರ್ ಎಂದು ಶುರುವಾಯಿತು. ಗಡಿಯಾರ ನೋಡಿದೆ, ಸರಿಯಾಗಿ ಒಂದು ಗಂಟೆ. ಆ ಪದವನ್ನು ಇಷ್ಟು ಸರಿಯಾಗಿ ಯಾರೂ ಬಳಸಿದ್ದನ್ನು ನಾನು ಕೇಳಿರಲಿಲ್ಲ. ಕೊನೆಯ ವಾಕ್ಯದ ಮೇಲೆ ಗೆರೆ ಎಳೆದೆ. ಎಳೆದ ಗೆರೆಯ ಅಡಿಯಲ್ಲೂ ಅದೊಂದು ಪದ ಸ್ಪಷ್ಟವಾಗಿ ಕಾಣಿಸುತ್ತಿತ್ತು, ಪಕ್ಕದಲ್ಲಿ ನನ್ನ ದೊಡ್ಡ ಸಹಿಯೂ.